ಕೆಳಗಿನ ಅಂತಸ್ತು ಮಾತ್ರ ಕೇಕ್

ಚಾಕು ಅರ್ಧಕ್ಕೇ ನಿಂತಿತು.

ರೊಡೆಲ್ ಇನ್ನೂ ಸ್ವಲ್ಪ ಒತ್ತಿದ. ಕೇಕಿನ ಒಳಗಿನಿಂದ 'ಕಿರ್ರ್...' ಎಂದು ಹಲ್ಲು ಜುಮ್ಮೆನ್ನಿಸುವ ಸದ್ದು ಬಂತು. ನೀಲಿ ಸಕ್ಕರೆ ಹಾಳೆಯ ಸೀಳಿನಿಂದ ಬಿಳಿ ಮಣಿಗಳು ಉದುರಿ ಮೇಜಿನ ಮೇಲೆ ಚೆಲ್ಲಿದವು.

"ಥರ್ಮಾಕೋಲ್!" ಎಂದ ಅವನು. "ಇದು ಕೇಕೇ ಅಲ್ಲ!"

ಕ್ಲೆಯಾಳ ಏಳನೇ ಹುಟ್ಟುಹಬ್ಬಕ್ಕೆ ಸೇರಿದ್ದ ನಲವತ್ತು ಮಂದಿ ಒಮ್ಮೆಲೇ ಇತ್ತ ತಿರುಗಿದರು. ಕರೋಕೆ ಮೈಕ್ ಹಿಡಿದಿದ್ದವನೂ ಹಾಡು ನಿಲ್ಲಿಸಿದ.

ಪಕ್ಕದಲ್ಲಿ ತಟ್ಟೆ ಜೋಡಿಸುತ್ತಿದ್ದ ಜೊವೆಲಿನ್‌ಳ ಕೈ ತಟ್ಟೆಯ ಮೇಲೇ ನಿಂತಿತು. ಮೂರು ಅಂತಸ್ತು, ಅಲೆಗಳು, ತುದಿಯಲ್ಲಿ ಕುಳಿತ ಮತ್ಸ್ಯಕನ್ಯೆ... ಎಲ್ಲವನ್ನೂ ಐದು ದಿನ ಕೂತು ಮಾಡಿದವಳು ಅವಳೇ.

"ನೀವೇನಾ ಮಾಡಿದ್ದು?"

"ಹೌದು."

"ಮೂರೂ ಅಂತಸ್ತು ಕೇಕೇ ಇರ್ಬೇಕು, ಬೀದಿ ಮಕ್ಕಳೆಲ್ಲ ಹೊಟ್ಟೆ ತುಂಬ ತಿನ್ಬೇಕು ಅಂತ ಹಡಗಿನಿಂದ ದುಡ್ಡು ಕಳಿಸಿದ್ದೆ ನಾನು. ಮೇಲಿನ ಎರಡು ಎಲ್ಲಿ ಹೋಯ್ತು? ನಿಮ್ಮ ಹೊಟ್ಟೆಗಾ?"

ಜೊವೆಲಿನ್ ತಲೆಯೆತ್ತಿದಳು. ಎದುರಿಗೆ ಅವನ ಅಕ್ಕ, ಕ್ಲೆಯಾಳ ತಾಯಿ ಮಾಯ್ಬೆತ್, ನೂಡಲ್ಸ್ ಪಾತ್ರೆ ಹಿಡಿದು ನಿಂತಿದ್ದಳು. ಅವಳ ಕಣ್ಣು ಒಂದೇ ಮಾತು ಹೇಳುತ್ತಿತ್ತು... ಬೇಡ, ಹೇಳ್ಬೇಡ!

ಕೆಳಗಿನ ಅಂತಸ್ತು ಮಾತ್ರ ಕೇಕ್ ಇರಲಿ ಎಂದು ಆರ್ಡರ್ ಕೊಟ್ಟವಳು ಮಾಯ್ಬೆತ್. ಮೇಲಿನ ಎರಡು ಬರೀ ನೋಟಕ್ಕೆ. ಸಿಲಾಯ್ ಪಟ್ಟಣದಲ್ಲಿ ಅರ್ಧಕ್ಕರ್ಧ ಹುಟ್ಟುಹಬ್ಬಗಳ ಕೇಕ್ ಹೀಗೇ ಇರುತ್ತದೆ. "ತಮ್ಮನಿಗೆ ಮಾತ್ರ ಗೊತ್ತಾಗೋದು ಬೇಡ" ಎಂದು ಅವಳು ಕೇಳಿಕೊಂಡಿದ್ದಳು. ಜೊವೆಲಿನ್ ಆಗಲಿ ಎಂದಿದ್ದಳು. ತಮ್ಮ ಹೇಳದೇ ಕೇಳದೇ ಆ ಬೆಳಿಗ್ಗೆಯೇ ಬಂದಿಳಿಯುತ್ತಾನೆ, ತಾನೇ ಚಾಕು ಹಿಡಿಯುತ್ತಾನೆ, ಅದೂ ಮೇಲಿನಿಂದ ಕತ್ತರಿಸುತ್ತಾನೆ ಎಂದು ಯಾರಿಗೆ ಗೊತ್ತಿತ್ತು?

"ಮೇಲಿನ ಎರಡು ಥರ್ಮಾಕೋಲೇ," ಎಂದಳು ಜೊವೆಲಿನ್. "ನಾನೇ ಇಟ್ಟಿದ್ದು."

ಅಷ್ಟೇ. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ.

"ಕೇಳಿದ್ರಾ ಎಲ್ಲರೂ? ನಾಚಿಕೆನೂ ಇಲ್ಲ!"

"ಏ ರೊಡೆಲ್, ಕೆಳಗಿಂದು ಬಲು ಚೆನ್ನಾಗಿದೆ ಕಣೋ," ಎಂದಳು ಪಕ್ಕದ ಮನೆಯ ಮುದುಕಿ ಪೆಸಿಂಗ್, ಕೆಳಗಿನ ಅಂತಸ್ತಿನಿಂದ ಒಂದು ತುಂಡು ಆಗಲೇ ಕಿತ್ತು ತಿಂದು. "ಬಾಯಿಗೆ ಒಂದು ಚೂರು ಹಾಕ್ಕೋ. ಅಷ್ಟು ಹೊತ್ತಾದ್ರೂ ಸುಮ್ನಿರ್ತೀಯ."

ಯಾರೋ ನಕ್ಕರು. ರೊಡೆಲ್ ನಗಲಿಲ್ಲ. ಕ್ಲೆಯಾ ಅಳುಮುಖ ಮಾಡಿದ್ದು ಕಂಡ ಕೂಡಲೇ ಅವನ ದನಿ ಇಳಿಯಿತು. ಮಂಡಿಯೂರಿ, ಮತ್ಸ್ಯಕನ್ಯೆಯನ್ನು ಮುರಿಯದಂತೆ ಎತ್ತಿ ಅವಳ ಅಂಗೈಯಲ್ಲಿಟ್ಟ.

ಎಷ್ಟು ಮೆತ್ತಗಿನ ಕೈ... ನಾಲಿಗೆ ಮಾತ್ರ ಯಾಕೆ ಹೀಗೆ! ಜೊವೆಲಿನ್ ತನ್ನ ಚೀಲ ಎತ್ತಿಕೊಂಡು ಹೊರಬಿದ್ದಳು. ಅಳು ಬಂದದ್ದು ತಿರುವು ದಾಟಿದ ಮೇಲೆ.

* * *

ಅದೇ ಸಂಜೆ ರೊಡೆಲ್ ಫೇಸ್‌ಬುಕ್ಕಿನಲ್ಲಿ ಸೀಳಿದ ಕೇಕಿನ ಚಿತ್ರ ಹಾಕಿದ. ಕೆಳಗೆ ಜೊವೆಲಿನ್‌ಳ ಹೆಸರು. 'ಮೂರು ಅಂತಸ್ತಿಗೆ ದುಡ್ಡು, ಒಂದೇ ಅಂತಸ್ತಿನ ಕೇಕ್. ಹುಷಾರು!'

ಬೀದಿಯವರಿಗೆ ಅದು ತಮಾಷೆ. ಹೊರಗಿನವರಿಗೆ ಹಾಗಲ್ಲ. ಮಾರನೇ ದಿನ ಮಧ್ಯಾಹ್ನದೊಳಗೆ ಆರುನೂರು ಮಂದಿ ಅದನ್ನು ಹಂಚಿಕೊಂಡಿದ್ದರು. ಶಾಲೆಯ ಟೀಚರ್ ಲಿಬರ್ಟಾಡ್ ತಮ್ಮ ಮಗಳ ಹದಿನೆಂಟರ ಹುಟ್ಟುಹಬ್ಬಕ್ಕೆ ಹೇಳಿದ್ದ ಕೇಕನ್ನು ಒಂದೇ ಸಾಲಿನಲ್ಲಿ ರದ್ದು ಮಾಡಿದರು: 'ಬೇಡಮ್ಮ, ಕ್ಷಮಿಸು.'

ಜೊವೆಲಿನ್‌ಗೆ ಅಂಗಡಿಯಿಲ್ಲ. ದೊಡ್ಡ ಒಲೆಯಿಲ್ಲ, ಪಕ್ಕದ ಬ್ರೆಡ್ ಅಂಗಡಿಯ ಒಲೆಯನ್ನು ಬೆಳಿಗ್ಗೆ ಒಂದು ಗಂಟೆ ಹೊತ್ತು ಬಾಡಿಗೆಗೆ ಪಡೆಯುತ್ತಾಳೆ. ಕೇಕಿಗೆ ಹೊದಿಸುವ ಸಕ್ಕರೆ ಹಾಳೆಯ ಹಿಟ್ಟು, ಫಾಂಡಂಟನ್ನು, ಡಬ್ಬಿಯಲ್ಲಿ ಕೊಂಡರೆ ಕೇಕಿಗಿಂತ ಅದೇ ದುಬಾರಿ. ಹಾಗಾಗಿ ಮಾರ್ಷ್‌ಮ್ಯಾಲೋ ಕರಗಿಸಿ, ಸಕ್ಕರೆ ಪುಡಿ ಬೆರೆಸಿ ಕೈಯಲ್ಲೇ ನಾದುತ್ತಾಳೆ. ಮತ್ಸ್ಯಕನ್ಯೆಯ ಮೈಮೇಲಿನ ಒಂದೊಂದು ಹುರುಪೆಯನ್ನೂ ಸ್ಟ್ರಾ ತುದಿಯಿಂದ ಒತ್ತಿದ್ದಳು. ಬೆನ್ನು ನೆಟ್ಟಗೆ ನಿಲ್ಲಲು ಒಳಗೆ ಒಣ ಸ್ಪಗೆಟ್ಟಿ ಕಡ್ಡಿ. ಹೊಳಪಿಗೆ, ಕುಡಿಯುವ ಜಿನ್‌ನಲ್ಲೇ ಅದ್ದಿದ ಕುಂಚ.

ಇವಳ ಹತ್ತಿರ ಇದ್ದದ್ದು ಒಂದೇ ಆಸ್ತಿ. 'ಜೊವೆಲಿನ್ ಹೇಳಿದ್ದು ಹೇಳಿದ ಹಾಗೆ ಮಾಡ್ತಾಳೆ' ಎಂಬ ಹೆಸರು.

ಈಗ ಅದೂ...

ಒಂದು ಮಾತು ಹೇಳಿದ್ರೆ ಸಾಕಿತ್ತು. 'ನಿಮ್ಮ ಅಕ್ಕನ್ನೇ ಕೇಳಿ' ಅಂತ. ಆದರೆ ಕೊಟ್ಟ ಮಾತು? ನಲವತ್ತು ಜನರ ಮುಂದೆ ಮಾಯ್ಬೆತ್ ತಲೆ ತಗ್ಗಿಸಬೇಕಿತ್ತಾ?

ಇಲ್ಲ... ಅದು ನನ್ನಿಂದಾಗಲ್ಲ.

* * *

ಮೂರನೇ ದಿನ ಜೋರು ಮಳೆ.

ರೊಡೆಲ್ ಅಕ್ಕನ ಅಡುಗೆಮನೆಯಲ್ಲಿ ಕಾಫಿ ಹೀರುತ್ತಾ ಮೇಲೆ ನೋಡಿದ. ತಗಡುಗಳು ಫಳಫಳ ಹೊಳೆಯುತ್ತಿದ್ದವು. ಅಂಗಡಿಯವರು ಬಣ್ಣದಲ್ಲಿ ಬರೆದ ಅಳತೆ ಕೂಡ ಅಳಿಸಿರಲಿಲ್ಲ. ಅಕ್ಟೋಬರಿನಲ್ಲಿ ಅವನು ಹಡಗು ಹತ್ತಿದಾಗ ಇಲ್ಲಿದ್ದದ್ದು ತುಕ್ಕು ಹಿಡಿದ ಹಳೇ ಸೂರು.

"ಅಕ್ಕಾ, ಇದು ಯಾವಾಗ ಹಾಕಿಸಿದ್ದು?"

ಮಾಯ್ಬೆತ್ ಮೀನಿನ ಮುಳ್ಳು ತೆಗೆಯುತ್ತಲೇ ಇದ್ದಳು.

"ಅಕ್ಕಾ..."

"ಡಿಸೆಂಬರಿನ ಚಂಡಮಾರುತ ಸೂರು ಕಿತ್ಕೊಂಡು ಹೋಯ್ತು. ಐದು ತಿಂಗಳು ಟಾರ್ಪಾಲು ಕಟ್ಕೊಂಡಿದ್ವಿ. ನೀನು ಸಮುದ್ರದ ಮಧ್ಯೆ ಇದ್ದೆ, ಏನಂತ ಹೇಳ್ಲಿ? ನೀನು ಕೇಕಿಗೆ, ಹಬ್ಬಕ್ಕೆ ಅಂತ ಕಳಿಸಿದ್ದು ಬಂತು..." ಅವಳು ಮೀನಿನ ತಟ್ಟೆ ಪಕ್ಕಕ್ಕೆ ಸರಿಸಿದಳು. "ಮೇಲಿನ ಎರಡು ಥರ್ಮಾಕೋಲ್ ಇಡು ಅಂದವಳು ನಾನು. ಅವಳು ತಗೊಂಡಿದ್ದು ಒಂದು ಅಂತಸ್ತಿನ ದುಡ್ಡು ಮಾತ್ರ."

ರೊಡೆಲ್ ಕಾಫಿ ಲೋಟ ಕೆಳಗಿಟ್ಟ.

"ಮತ್ತೆ ಅವಳು ಅವತ್ತು ಯಾಕೆ ಸುಮ್ನಿದ್ಲು?"

"ನಾನು ಸುಮ್ನಿರು ಅಂದಿದ್ದೆ. ಅದಕ್ಕೆ."

* * *

ಜೊವೆಲಿನ್ ಬಾಗಿಲು ತೆರೆದಾಗ ಅವನು ತೊಟ್ಟಿಕ್ಕುತ್ತಾ ನಿಂತಿದ್ದ. ಅವಳ ಕೈ ಮೊಣಕೈವರೆಗೆ ಗುಲಾಬಿ ಬಣ್ಣ.

"ಏನು, ಉಳಿದ ಎರಡು ಅಂತಸ್ತು ಹುಡುಕ್ಕೊಂಡು ಬಂದ್ರಾ? ಮಂಚದ ಕೆಳಗೆ ನೋಡಿ."

"ತಪ್ಪಾಯ್ತು." ಅವನು ಕಣ್ಣು ತಪ್ಪಿಸಲಿಲ್ಲ. "ಅಕ್ಕ ಎಲ್ಲಾ ಹೇಳಿದ್ಲು. ನಾನು ಕೇಳ್ದೇ ಬಾಯಿಗೆ ಬಂದಂಗೆ ಅಂದೆ. ಆ ಪೋಸ್ಟ್ ಅಳಿಸ್ದೆ..."

"ಅಳಿಸಿದ್ರೆ? ಆರುನೂರು ಜನರ ಫೋನಲ್ಲಿ ಇದೆಯಲ್ಲ."

"ಅದಕ್ಕೇ ಒಂದು ಯೋಚನೆ ಮಾಡಿದೀನಿ. ಆ ಆರ್ಡರ್ ನಾನೇ ಕೊಟ್ಟಿದ್ದೆ, ಹಡಗಲ್ಲಿ ಮರೆತುಬಿಟ್ಟೆ ಅಂತ ಬರೀತೀನಿ. ಅಕ್ಕನ ಮರ್ಯಾದೇನೂ ಉಳಿಯುತ್ತೆ, ನಿಮ್ಮದೂ ಉಳಿಯುತ್ತೆ."

"ಬೇಡ!"

ಅವನು ಬೆಚ್ಚಿದ.

"ನಿಮ್ಮ ಸುಳ್ಳು ಮೆತ್ತಿ ನನ್ನ ಹೆಸರು ಚೆಂದ ಮಾಡೋದು ಬೇಡ. ಆಗಿದ್ದು ಅಷ್ಟೇ ಬರೀರಿ. ಹೇಳಿದ್ದನ್ನ ಹೇಳಿದ ಹಾಗೆ ಮಾಡಿದ್ದಾಳೆ, ನಾನು ವಿಚಾರಿಸ್ದೇ ಬೈದೆ ಅಂತ. ಯಾರು ಹೇಳಿದ್ರು, ಯಾಕೆ ಹೇಳಿದ್ರು, ಅದು ಜನಕ್ಕೆ ಬೇಕಾಗಿಲ್ಲ."

ರೊಡೆಲ್ ಅಲ್ಲೇ ಮೆಟ್ಟಿಲ ಮೇಲೆ ಕೂತು ಬರೆದ. ಮೂರು ಸಲ ಓದಿ ತೋರಿಸಿದ. 'ಬಲು ವಿಷಾದ' ಎಂಬಲ್ಲಿ 'ಬಲು' ತೆಗೆಸಿದಳು. "ಅತಿ ಸಿಹಿ ಯಾರೂ ನಂಬಲ್ಲ."

ಅವನಿಗೆ ನಗು ಬಂತು. ಅವಳಿಗೂ ಬರುತ್ತಿತ್ತು... ತಡೆದುಕೊಂಡಳು.

"ಇದನ್ನ ನಾದೋಕೆ ನಾನೂ ಬರ್ಲಾ?" ಎಂದ ಅವನು, ಒಳಗೆ ಮೇಜಿನ ಮೇಲಿದ್ದ ಗುಲಾಬಿ ಸಕ್ಕರೆ ಮುದ್ದೆಯತ್ತ ನೋಡಿ. "ಹಡಗಲ್ಲಿ ಎಂಜಿನ್ ಕೋಣೆ ಕೆಲಸ. ತೋಳಲ್ಲಿ ಶಕ್ತಿ ಇದೆ."

"ಕೈಗೆ ಮೊದಲು ಡಾಲ್ಡಾ ಸವರಿ..."

ಅವನು ಕೇಳಿಸಿಕೊಳ್ಳುವ ಮೊದಲೇ ಎರಡೂ ಕೈ ಮುದ್ದೆಯೊಳಗೆ ಹಾಕಿದ್ದ. ಎರಡು ನಿಮಿಷದಲ್ಲಿ ಹತ್ತು ಬೆರಳೂ ಅಂಟಿಕೊಂಡು ಒಂದಾದವು. ಮೂಗು ತುರಿಸಿತು. ತುರಿಸಿಕೊಂಡ. ಮೂಗೂ ಅಂಟಿತು.

ಈಗ ಜೊವೆಲಿನ್ ತಡೆದುಕೊಳ್ಳಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಮುಂದೆ ಕೇಳಿ ಮಾಡ್ತೀನಿ," ಎಂದ ಅವನು, ಸಕ್ಕರೆ ಮೂಗಿನವನು.

* * *

ಆ ಪೋಸ್ಟನ್ನು ನಲವತ್ತೊಂದು ಜನ ಮಾತ್ರ ಹಂಚಿಕೊಂಡರು. ಬೈಗುಳ ಓಡುವಷ್ಟು ವೇಗವಾಗಿ ಕ್ಷಮಾಪಣೆ ಓಡುವುದಿಲ್ಲ.

ಆದರೆ ಅದರ ಕೆಳಗೆ ಮಾಯ್ಬೆತ್ ತಾನಾಗಿ ಬರೆದಳು: 'ಆರ್ಡರ್ ನನ್ನದು. ಉಳಿದ ದುಡ್ಡು ಸೂರಿಗೆ ಹೋಯ್ತು. ಆ ಹುಡುಗಿ ನನ್ನ ಮಾನಕ್ಕೆ ತನ್ನ ಮಾನ ಅಡ್ಡ ಇಟ್ಟಳು.' ಅದರ ಕೆಳಗೆ ಪೆಸಿಂಗ್ ಮುದುಕಿ: 'ತಗಡು ಇಳಿಸಿದಾಗ ಬೀದಿಗೆಲ್ಲ ಗೊತ್ತಾಯ್ತು. ಗೊತ್ತಿಲ್ಲದೇ ಇದ್ದಿದ್ದು ರೊಡೆಲ್ ಒಬ್ಬನಿಗೇ.'

ಟೀಚರ್ ಲಿಬರ್ಟಾಡ್ ಖುದ್ದಾಗಿ ಬಂದರು. "ನಾಲ್ಕು ಅಂತಸ್ತು ಬೇಕು. ಮೂರು ಥರ್ಮಾಕೋಲ್. ನಾನೇನು ಮುಚ್ಚಿಡಲ್ಲಪ್ಪ, ಮಾಸ್ತರರ ಸಂಬಳ ಎಲ್ಲರಿಗೂ ಗೊತ್ತು."

ಮುಂದಿನ ಮೂರು ವಾರ ರೊಡೆಲ್ ದಿನಾ ಬಂದ. ಕಬ್ಬಿಣದ ಕೆಲಸ ಬಲ್ಲವನು ಪ್ಲಾಸ್ಟಿಕ್ ಪೈಪನ್ನು ಉಜ್ಜಿ ಉಜ್ಜಿ ಗಾಜಿನಷ್ಟು ನುಣುಪಾದ ಲಟ್ಟಣಿಗೆ ಮಾಡಿಕೊಟ್ಟ. ಹಾಳೆ ಸೀಳಿದಾಗ ಡಾಲ್ಡಾ ಬೆರಳಲ್ಲಿ ತೀಡಿ ಕೂಡಿಸುವುದು ಕಲಿತ. 'ನೀವು' ಯಾವ ದಿನ 'ನೀನು' ಆಯಿತೋ ಇಬ್ಬರೂ ಗಮನಿಸಲಿಲ್ಲ.

"ಸೆಖೆಗೆ ಬೆವರ್ತಿದೆ, ಫ್ರಿಜ್ಜಲ್ಲಿ ಇಡೋಣ್ವಾ?" ಎಂದು ಕೇಳಿದ ಒಮ್ಮೆ, ಬಿಳಿ ಗುಲಾಬಿಗಳನ್ನು ತೋರಿಸಿ.

"ಇಟ್ರೆ ತೆಗೆದ ಕೂಡಲೇ ಇನ್ನೂ ಬೆವರುತ್ತೆ. ಫ್ಯಾನ್ ಹಾಕು, ಸಾಕು. ಕೇಳಿದ್ದು ಒಳ್ಳೇದಾಯ್ತು."

ಅವಳು ಹೊಗಳಿದ್ದು ಅದೇ ಮೊದಲು. ಅವನು ದಿನವಿಡೀ ಸಿಳ್ಳೆ ಹಾಕಿದ.

ಇವನು ಹೊರಟುಹೋಗ್ತಾನೆ... ಜೊವೆಲಿನ್ ತನ್ನ ಎದೆಗೆ ತಾನೇ ಹೇಳಿಕೊಂಡಳು. ಆಗಸ್ಟಿನಲ್ಲಿ ಮತ್ತೆ ಹಡಗು. ತಪ್ಪಿಗೆ ದಂಡ ಕಟ್ತಿದ್ದಾನೆ, ಅಷ್ಟೇ. ಹುಚ್ಚಿ, ಆಸೆ ಇಟ್ಕೋಬೇಡ!

* * *

ಹದಿನೆಂಟರ ಹಬ್ಬ ಚೆನ್ನಾಗಿ ನಡೆಯಿತು. ಟೀಚರ್ ಮೈಕ್ ಹಿಡಿದು, "ಕೆಳಗಿಂದು ಮಾತ್ರ ಕತ್ತರಿಸ್ರಪ್ಪಾ!" ಎಂದು ಸಾರಿದರು. ಸಭಾಂಗಣವಿಡೀ ನಕ್ಕಿತು. ಊಟ ಮುಗಿಯುವ ಮೊದಲೇ ಇಬ್ಬರು ತಾಯಂದಿರು ಜೊವೆಲಿನ್‌ಳ ನಂಬರ್ ಬರೆದುಕೊಂಡರು.

ಮಾರನೇ ಬೆಳಿಗ್ಗೆ ಅವಳು ಹಿತ್ತಲಿನ ಕೈಪಂಪಿನ ಬಳಿ ಥರ್ಮಾಕೋಲಿನ ಅಂತಸ್ತುಗಳನ್ನು ನೆನೆಹಾಕಿ ಕೂತಿದ್ದಳು. ಸಕ್ಕರೆ ಹಾಳೆ ಕರಗಿದರೆ ಅದೇ ಅಚ್ಚು ಇನ್ನೊಂದು ಹಬ್ಬಕ್ಕೆ.

ರೊಡೆಲ್ ಬಂದವನು ಅಡುಗೆಮನೆ ದಾಟಿ ಹಿತ್ತಲಿಗೆ ಬರುವಷ್ಟರಲ್ಲಿ ಮುಖ ಬಾಡಿತ್ತು. ಮೇಜಿನ ಮೇಲೆ ಅವಳ ಹೊಸ ಫೋಟೋಗಳಿದ್ದವು. ಪಾಸ್‌ಪೋರ್ಟ್ ಅಳತೆ, ಆರು ಪ್ರತಿ. ದುಬೈ ಬೇಕರಿಗಳಿಗೆ ಸಿಲಾಯ್‌ನ ಹುಡುಗಿಯರು ಬೇಕಂತೆ ಎಂದು ಪೆಸಿಂಗ್ ಮುದುಕಿ ವಾರದಿಂದ ಹೇಳುತ್ತಿದ್ದಳು.

ಅವನು ತಿರುಗಿ ಹೊರಟ. ಬೇಲಿಯವರೆಗೆ ಹೋದ.

ಅಲ್ಲಿಂದ ಮರಳಿ ಬಂದ.

"ಜೊವೆಲಿನ್, ಒಂದು ಕೇಳ್ಲಾ?"

"ಕೇಳು."

"ಆ ಫೋಟೋ... ದುಬೈಗಾ?"

ಅವಳು ಬಕೆಟ್ಟಿನಿಂದ ಕೈ ತೆಗೆದಳು. "ಪುರಸಭೆಗೆ. ಕೇಕ್ ಮಾಡೋಕೆ ಪರವಾನಗಿ ತಗೋತಿದೀನಿ, ನನ್ನದೇ ಹೆಸರಲ್ಲಿ. ಮಂಗಳವಾರ ಅರ್ಜಿ ಕೊಡ್ಬೇಕು."

"ಹೌದಾ!" ಅವನ ಉಸಿರು ಹೊರಬಿತ್ತು. "ನಾನು ಅಂದ್ಕೊಂಡೆ..."

"ಗೊತ್ತು ಏನು ಅಂದ್ಕೊಂಡೆ ಅಂತ. ಬೇಲಿವರೆಗೆ ಹೋಗಿದ್ದನ್ನ ನೋಡ್ದೆ." ಅವಳು ಬೇಲಿಯತ್ತ ನೋಡಿದಳು. ಇವನು ವಾಪಸು ಬಂದ... ಕೇಳಿದ! "ಇಲ್ಲಿಂದ ಹೋಗೋನು ನೀನು ಕಣೋ, ನಾನಲ್ಲ."

"ಎಂಟು ತಿಂಗಳು. ಆಮೇಲೆ ಇಲ್ಲಿಗೇ ಬರ್ತೀನಿ."

"ಅಕ್ಕನ ಮನೆಗೆ."

"ಅಲ್ಲ. ಇಲ್ಲಿಗೆ." ಅವನು ಅವಳ ಎದುರು ಕುಕ್ಕರಗಾಲಲ್ಲಿ ಕೂತ. ಹಡಗಿನ ಎಂಜಿನ್ ಬಿಚ್ಚಿ ಜೋಡಿಸುವವನ ತುಟಿ ಒಣಗಿತ್ತು. "ಇನ್ನೊಂದು ಕೇಳ್ಬೇಕು. ತಪ್ಪಾದ್ರೆ ಆ ಬಕೆಟ್ ನೀರು ತಲೆ ಮೇಲೆ ಸುರಿ. ನಿನಗೆ... ನಾನು ಇಷ್ಟಾನಾ?"

ಜೊವೆಲಿನ್ ಬಕೆಟ್ಟಿನ ಕಡೆ ನೋಡಿದಳು. ಅವನೂ ನೋಡಿದ.

"ಇಷ್ಟ," ಎಂದಳು ಮೆಲ್ಲಗೆ. "ಮೂಗಿಗೆ ಸಕ್ಕರೆ ಮೆತ್ಕೊಂಡಿದ್ಯಲ್ಲ, ಆವತ್ತಿಂದ. ಆದ್ರೆ ಎಂಟು ತಿಂಗಳು ಸಮುದ್ರದ ಮೇಲಿರೋನ ಹತ್ರ ಜಗಳ ಆಡೋದು ಹೇಗೆ?"

"ಫೋನಲ್ಲಿ."

"ಫೇಸ್‌ಬುಕ್ಕಲ್ಲಿ ಅಲ್ಲ ತಾನೇ?"

"ಅಲ್ಲ! ಏನಿದ್ರೂ ಮೊದಲು ನಿನ್ನನ್ನೇ ಕೇಳ್ತೀನಿ, ಲಂಗ್ಗಾ."

ಅವರ ಊರಿನಲ್ಲಿ ಮುದ್ದಿನವರನ್ನು ಕರೆಯುವ ಮಾತು ಅದು; ಅವಳನ್ನು ಹಾಗೆ ಯಾರೂ ಕರೆದಿರಲಿಲ್ಲ. ಅವನು ಅವಳ ಒದ್ದೆ ಕೈ ಹಿಡಿದುಕೊಂಡ. ಕರಗಿದ ಸಕ್ಕರೆಯಿಂದ ಎರಡೂ ಅಂಗೈ ಅಂಟಂಟು.

"ಸರಿ, ಈಗ ಬಿಡು," ಎಂದಳು ಸ್ವಲ್ಪ ಹೊತ್ತಿನ ಮೇಲೆ. "ಇನ್ನೂ ಎರಡು ಅಂತಸ್ತು ತೊಳೆಯೋದಿದೆ."

"ಬಿಡಲ್ಲ. ನಿನ್ನ ಒಂದು ಕೈ, ನನ್ನ ಒಂದು ಕೈ. ತೊಳೆಯೋಣ."