ರಾಯಚೂರಿನ ಮೇಡಂ ಬಂದ ದಿನ

“ಆ ಪಟ್ಟಿ ಮುಚ್ಚಿಡಬ್ಯಾಡ್ರಿ. ಮೇಡಂ ನೋಡ್ಲಿ.”

ವಿಜಯಶ್ರೀಯ ಕೈ ಟ್ರಂಕಿನ ಮೇಲೆಯೇ ನಿಂತಿತು. ಬಾಗಿಲಲ್ಲಿ ಆಟೋ ಓಡಿಸುವ ಮೌನೇಶ.

ತೀರಿಹೋದ ಅಕ್ಕನ ಮಗಳು, ಆರು ವರ್ಷದ ಶಿವಲೀಲಾಗೆ ಕೂತರೆ ಬೆನ್ನು ನಿಲ್ಲುವುದಿಲ್ಲ. ಅಡುಗೆಯ ಹೊತ್ತಿನಲ್ಲಿ ವಿಜಯಶ್ರೀ ಅವಳನ್ನು ಹಳೇ ಸೀರೆಯ ಪಟ್ಟಿಯಿಂದ ಕುರ್ಚಿಗೆ ಕಟ್ಟುತ್ತಿದ್ದಳು. ಹೊರಗಿನವರಲ್ಲಿ ಅದು ಗೊತ್ತಿದ್ದದ್ದು ಮೌನೇಶನೊಬ್ಬನಿಗೇ. ವಾರಕ್ಕೊಮ್ಮೆ ಮಗುವನ್ನು ದೇವದುರ್ಗದ ದವಾಖಾನೆಗೆ ಕರೆದೊಯ್ಯುವವನು ಅವನೇ; ಉಳಿದ ದಿನವೂ ಒಮ್ಮೆ ಬಂದು ಹೋಗುತ್ತಿದ್ದ.

ಇವತ್ತು ರಾಯಚೂರಿನಿಂದ ಅಂಗವಿಕಲ ಮಕ್ಕಳ ಸೇವೆಗಳ ಸಂಯೋಜಕಿ ವೇದಶ್ರೀ ಮನೆ ನೋಡಲು ಬರುವವರಿದ್ದರು. ನೋಡಿಕೊಳ್ಳುವುದು ಸರಿಯಿಲ್ಲವೆಂದು ಕಂಡರೆ ಮಗುವನ್ನು ಹಾಸ್ಟೆಲ್ಲಿಗೆ ಒಯ್ಯುತ್ತಾರೆಂದು ಓಣಿಯವರು ಹೆದರಿಸಿದ್ದರು.

“ಆಫೀಸಿನ್ಯಾಗ ಚಾಡಿ ಹೇಳಿದವ್ರು ನೀವೇ ಏನು?”

“ಬೆಲ್ಟಿನ ಕುರ್ಚಿಗೆ ಅರ್ಜಿ ಕೊಟ್ಟವ ನಾನು. ಚಾಡಿ ಹೇಳಿಲ್ಲ.”

“ನನ್ನ ಕೇಳದ?”

“ಕೇಳಿದ್ರ ಬ್ಯಾಡ ಅಂತಿದ್ರಿ.”

ಅವನ ನೋಟ ಅವಳ ಕೆನ್ನೆಗಂಟಿದ ರಂಗೋಲಿ ಪುಡಿಯ ಮೇಲಿತ್ತು. ಅವಳು ಸೆರಗಿನಿಂದ ಒರೆಸಿಕೊಂಡಳು. ಕೆನ್ನೆ ಬಿಸಿಯಾದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಚಂದಾಗಿ ನೋಡುವವರೆಲ್ಲ ಒಳ್ಳೆಯವರೇನು? ಪಟ್ಟಿಯನ್ನು ಟ್ರಂಕಿಗೆ ತುರುಕಿದಳು.

ಮೇಡಂ ಬಂದರು, ಕೂತರು, ಕೇಳಿದರು: “ಅಡಿಗಿ ಮಾಡುವಾಗ ಇಕಿನ್ನ ಯಾರು ಹಿಡ್ಕೋತಾರ?”

“ಬಾಜೂ ಮನಿಯವ್ರು.”

“ಹಂಗಾರ ಬೆಲ್ಟಿನ ಕುರ್ಚಿ ಸದ್ಯ ಬ್ಯಾಡ ಅಂತ ಬರೀತೀನಿ.”

ವಿಜಯಶ್ರೀ ಬಾಗಿಲತ್ತ ನೋಡಿದಳು. ಈಗ ಹೇಳುತ್ತಾನೆ ಎಂದುಕೊಂಡಳು. ಆದರೆ ಮೌನೇಶ ಮಗುವನ್ನೇ ನೋಡುತ್ತಿದ್ದ, ಕಣ್ಣು ತುಂಬಿದ್ದವು.

ಅವಳು ಎದ್ದು ಟ್ರಂಕು ತೆಗೆದಳು.

“ಸುಳ್ಳು ಹೇಳಿದ್ನಿರಿ ಮೇಡಂ. ಇದ್ರಿಂದ ಕಟ್ಟತೀನಿ. ಕಟ್ಟದಿದ್ರ ಬೀಳ್ತಾಳ. ಇಕಿನ್ನ ಒಯ್ಯಬ್ಯಾಡ್ರಿ.”

ವೇದಶ್ರೀ ಪಟ್ಟಿಯನ್ನು ಬೆರಳಿನಿಂದ ಒತ್ತಿ ನೋಡಿದರು. “ಒಳಗ ಮೆತ್ತಗಿರ್ಲಿ ಅಂತ ಹತ್ತಿ ಇಟ್ಟು ಹೊಲಿದೀರಿ. ಹಿಂಗ ನೋಡ್ಕೊಳ್ಳೋರಿಂದ ಯಾರೂ ಒಯ್ಯಂಗಿಲ್ಲವ್ವಾ.” ಬರೆದದ್ದನ್ನು ಹೊಡೆದುಹಾಕಿ, ಕುರ್ಚಿಗಾಗಿ ಮಗುವಿನ ಅಳತೆ ತೆಗೆದುಕೊಂಡರು.

ಮೇಡಂ ಜೀಪು ಹತ್ತಿ ಹೋದ ಮೇಲೆ ವಿಜಯಶ್ರೀ ಹೊಸ್ತಿಲಿಗೆ ಬಂದಳು. “ಮುಚ್ಚಿಡಬಾರ್ದು ಅಂತ ನಿಮಗ ಹ್ಯಾಂಗ ಗೊತ್ತಿತ್ತು?”

“ನನ್ನ ತಮ್ಮನೂ ಹಿಂಗ ಇದ್ದ. ಆಫೀಸಿನವ್ರು ಬಂದಾಗ ನಮ್ಮವ್ವ ಎಲ್ಲಾ ಛಲೋ ಅದ ಅಂದ್ಲು. ಬರಕೊಂಡು ಹೋದ್ರು, ಮತ್ತ ಬರಲಿಲ್ಲ. ಈಗ ತಮ್ಮ ಇಲ್ಲ.”

ಅವಳು ತಿರುಗಿ ಒಳಗಿದ್ದ ಶಿವಲೀಲಾಳನ್ನು ನೋಡಿದಳು.

“ಹಂಗಾರ ದಿನಾ ಬರೋದು ಶಿವಲೀಲಾನ ಸಲುವಾಗಿ?”

“ಅಕಿ ಸಲುವಾಗಿ ವಾರಕ್ಕೊಮ್ಮೆ ಬಂದ್ರ ಸಾಕಿತ್ತು.” ಅವನು ಆಟೋದ ಕೀಲಿ ತಿರುವುತ್ತ ನಿಂತ. “ಉಳಿದ ದಿನ ನಿಮ್ಮನ್ನ ನೋಡಾಕ ಬರ್ತಿದ್ದೆ.”

“ಖರೇನ?”

“ಖರೇ.”

“ಮತ್ತ ಹೊರಗ್ಯಾಕ ನಿಂತೀರಿ?” ಎಂದಳು. ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟಳು.