ಮೂರನೇ ಮೆಟ್ಟಿಲ ಎಲೆಗಳು

ನಾನು ಕ್ಯೋಟೋದಲ್ಲಿ ಮರದಚ್ಚಿನಿಂದ ಚಿತ್ರ ಮುದ್ರಿಸುವವಳು. ಇಪ್ಪತ್ತಾರು ವರ್ಷ ಪಳಗಿದ ಕೈ. ತಪ್ಪು ನನ್ನದೆಂದು ಯಾರಾದರೂ ಅಂದರೆ ಸಿಟ್ಟು ನೆತ್ತಿಗೇರುತ್ತದೆ. ಹೋದ ವರ್ಷ ಮುದಿ ಕೆತ್ತನೆಗಾರ ಕುಮೇಜಿ ಅಜ್ಜ ಶರತ್ಕಾಲದ ಬೌದ್ಧ ದೇವಾಲಯವೊಂದರ ಚಿತ್ರವನ್ನು ಮರದಲ್ಲಿ ಕೆತ್ತಿಕೊಟ್ಟರು. ಬಣ್ಣಕ್ಕೊಂದರಂತೆ ಒಂಬತ್ತು ಹಲಗೆ. ಕೊನೆಯದು ಕೆಂಪು: ಮೆಟ್ಟಿಲ ಮೇಲೆ ಉದುರಿದ ಮೇಪಲ್ ಎಲೆಗಳು.

ಮೊದಲ ಹಾಳೆಯಲ್ಲೇ, ಮೂರನೇ ಮೆಟ್ಟಿಲ ಮೇಲೆ ಒಬ್ಬರು ಕೂರುವಷ್ಟು ಜಾಗದಲ್ಲಿ ಎಲೆಗಳು ಮೂಡಲಿಲ್ಲ. ಬಣ್ಣ ಹೆಚ್ಚಿಸಿದೆ, ಹಲಗೆಯ ಮೇಲೆ ಹಾಸಿದ ಹಾಳೆಯ ಬೆನ್ನನ್ನು ಬಲವಾಗಿ ಉಜ್ಜಿದೆ. ಆ ಜಾಗಕ್ಕೆ ಬಂದಾಗ ಮಾತ್ರ ಉಜ್ಜುವ ಸದ್ದು ಬಟ್ಟೆ ಸವರಿದಂತೆ ಮೆತ್ತಗಾಗುತ್ತಿತ್ತು. ಒದ್ದೆ ಮಾಡಿಟ್ಟ ಹಾಳೆ ಅಲ್ಲಿ ಒಣಗಿ ಬೆಚ್ಚಗಿತ್ತು.

ಹಲಗೆ ಹೊತ್ತು ನೇರ ಅಜ್ಜನ ಮನೆಗೆ ಹೋದೆ.

"ಕಣ್ಣು ಮಂಜಾಯ್ತಾ ಅಜ್ಜಾ? ಇಲ್ಲಿ ಕೆತ್ತೋದೇ ಮರ್ತಿದೀರಲ್ಲ!"

"ಮುಟ್ಟಿ ನೋಡೇ, ಬಾಯಿಬಡುಕಿ. ಹನ್ನೆರಡು ಎಲೆ ಇವೆ."

ಬೆರಳಾಡಿಸಿ ಎಣಿಸಿದೆ. ಹನ್ನೆರಡೂ ಇದ್ದವು. ಅಜ್ಜ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಯಾರೋ ಕೂತಿದಾರೆ, ಬಿಡು," ಎಂದು ನಕ್ಕರು. "ಎಬ್ಬಿಸ್ಬೇಡ."

ನೂರು ಹಾಳೆಯೂ ಹಾಗೇ ಹೋದವು. ಕೊಂಡವರು ಆ ಖಾಲಿ ಜಾಗವನ್ನೇ ಹೊಗಳಿದರು. ಹಲಗೆಗಳನ್ನು ತೊಳೆದು, ಒಣಗಿಸಿ, ಕಪಾಟಿನಲ್ಲಿಟ್ಟು ನಾನೇ ಬೀಗ ಹಾಕಿದೆ.

ಮಾರ್ಚ್‌ನಲ್ಲಿ ಅಜ್ಜ ತೀರಿಕೊಂಡರು. ಮೊನ್ನೆ ಎರಡನೇ ಸಲದ ಮುದ್ರಣಕ್ಕೆಂದು ಅವೇ ಹಲಗೆಗಳನ್ನು ಹೊರತೆಗೆದೆ. ಕೆಂಪು ಹಲಗೆಯ ಮೂರನೇ ಮೆಟ್ಟಿಲನ್ನು ಮೊದಲೇ ಬೆರಳಿನಿಂದ ತಡವಿದೆ. ಒಂದು ಎಲೆಯೂ ಸವೆದಿರಲಿಲ್ಲ. ಆಮೇಲೆ ಮುದ್ರಿಸಿದೆ.

ಈಗ ಖಾಲಿ ಜಾಗ ಎರಡು, ಅಕ್ಕಪಕ್ಕ. ಎರಡೂ ಬೆಚ್ಚಗಿವೆ.