ತಾಳೆಯಾದ ನಕ್ಷತ್ರ

ಹಲಸೂರು ಕೆರೆಯ ಕಲ್ಲುಬೆಂಚಿನ ಮೇಲೆ ಕೂತಿದ್ದ ರಾಜೇಶ್ವರಿ ದೂರದಿಂದಲೇ ಲ್ಯಾಪ್‌ಟಾಪ್ ಎತ್ತಿ ತೋರಿಸಿದಳು.

“ನಾಕ್ ದಶಾಂಶದ ತನಕ ಉತ್ತರ ಒಂದ ಬಂದಾವ ನೋಡು! ನಂದೂ, ನಿಂದೂ!”

ಪಕ್ಕ ಬಂದು ಕೂತ ಸಿದ್ಧಾರ್ಥ್ ನಗಲು ಯತ್ನಿಸಿದ. ಅವಳು ಸುರಪುರದ ಕಡೆಯವಳು, ರಾಮಮೂರ್ತಿ ನಗರದಲ್ಲಿ ಬಾಡಿಗೆ ಕೋಣೆ; ಖುಷಿಯಾದರೆ ಊರಿನ ಮಾತು ತಾನಾಗಿ ಉಕ್ಕುತ್ತಿತ್ತು. ಆ ಮಾತು ಕೇಳಲೆಂದೇ ಅವನು ಲ್ಯಾಬಿನಲ್ಲಿ ಅವಳ ಪಕ್ಕದ ಕುರ್ಚಿ ಬಿಟ್ಟುಕೊಟ್ಟಿರಲಿಲ್ಲ.

ಇಬ್ಬರದೂ ಒಂದೇ ಲೆಕ್ಕ. ಸೆಕೆಂಡಿಗೆ ನೂರಾರು ಸುತ್ತು ತಿರುಗುವ ನ್ಯೂಟ್ರಾನ್ ನಕ್ಷತ್ರ ಸೊಂಟದಲ್ಲಿ ಎಷ್ಟು ಉಬ್ಬುತ್ತದೆ, ಎಷ್ಟು ತೂಕ ತಡೆಯುತ್ತದೆ? ಅದರ ಭಾರಕ್ಕೆ ಸುತ್ತಲಿನ ದೇಶಕಾಲವೇ ಬಾಗುವುದರಿಂದ ಉತ್ತರ ನೇರವಾಗಿ ಸಿಗದು. ಒಂದು ಆಕಾರ ಊಹಿಸಿ, ಅದು ಅಲುಗದೆ ನಿಲ್ಲುವವರೆಗೆ ಮತ್ತೆ ಮತ್ತೆ ತಿದ್ದಬೇಕು; ನಡುವೆ ತಪ್ಪಾದರೂ ತಿಳಿಯದು. ಅದಕ್ಕೇ ಗೈಡ್ ಮುನಿರಾಜಪ್ಪನವರ ಕಟ್ಟುನಿಟ್ಟು: ಇಬ್ಬರೂ ಬೇರೆ ಬೇರೆ ಕೋಡ್ ಬರೆಯಬೇಕು, ಒಬ್ಬರದನ್ನು ಇನ್ನೊಬ್ಬರು ನೋಡಬಾರದು, ಕೊನೆಗೆ ತಾಳೆ ಹಾಕಬೇಕು.

ಸಿದ್ಧಾರ್ಥ್ ನೋಡಿದ್ದ. ವೇಗ ಹೆಚ್ಚಿಸಿದಾಗಲೆಲ್ಲ ಅವನ ನಕ್ಷತ್ರ ಚೆದುರಿಹೋಗುತ್ತಿತ್ತು. ಅವಳೆದುರು ದಡ್ಡನಾಗಲಾರದೆ, ಸರ್ವರ್‌ನಲ್ಲಿದ್ದ ಅವಳ ಫೋಲ್ಡರ್ ತೆರೆದು, ವೇಗ ನಿಭಾಯಿಸುವ ಭಾಗವನ್ನೇ ಎತ್ತಿ ತನ್ನದರೊಳಗೆ ಅಂಟಿಸಿಕೊಂಡಿದ್ದ.

“ಮಾರಿ ಯಾಕ ಸಣ್ಣ ಮಾಡಿದಿ?” ಅವಳು ಓರೆಗಣ್ಣಲ್ಲಿ ನೋಡಿ ತುಟಿ ಕಚ್ಚಿದಳು. “ನನ್ನ ಸೋಲಿಸಬೇಕಂತ ಮಾಡಿದ್ಯೇನು? ಸರ್ ಇವತ್ತ ಸಂಜಿಗೆ ಜರ್ನಲ್ಲಿಗೆ ಪೇಪರ್ ಕಳಸ್ತಾರ. ಅವ್ವಗ ಹೇಳೀನಿ. ಪೇಪರ್ ಸುದ್ದಿ... ನಿನ್ನ ಸುದ್ದೀನೂ.”

ಅವಳ ಕಣ್ಣು ಕೆಳಗಾದವು. ಇಷ್ಟು ದಿನ ಕಾದಿದ್ದ ಮಾತು ಬಂದೇಬಿಟ್ಟಿತ್ತು. ಅವನಿಗೆ ಅದನ್ನು ಮುಟ್ಟಲೂ ನಾಚಿಕೆಯಾಯಿತು.

“ರಾಜಿ, ತಾಳೆ ಆಗಿಲ್ಲ. ನಿನ್ ಕೋಡ್ ನೋಡ್ಬಿಟ್ಟೆ. ಕಾಪಿ ಮಾಡ್ದೆ. ಎರಡು ಉತ್ತರಾನೂ ನಿಂದೇ.”

ನೀರುಕಾಗೆಯೊಂದು ಮುಳುಗಿ ಬೇರೆಲ್ಲೋ ಎದ್ದಿತು. ಅವಳು ಪರದೆಯನ್ನೇ ನೋಡುತ್ತಿದ್ದಳು.

“ಅಂದ್ರ ನಂದು ಸರಿ ಐತೋ ಇಲ್ಲೋ, ಯಾರಿಗೂ ಗೊತ್ತಿಲ್ಲ.”

“ಇಲ್ಲ.”

ಅವಳು ಫೋನ್ ತೆಗೆದಳು. ಅವನು ತಲೆ ತಗ್ಗಿಸಿದ.

“ಸರ್, ಪೇಪರ್ ಕಳಿಸ್ಬೇಡಿ. ತಾಳೆ ಸರಿಯಾಗಿ ಆಗಿಲ್ಲ. ಹೌದು ಸರ್, ನಮ್ಮಿಂದ ತಪ್ಪಾಗಿದೆ. ಇಬ್ರೂ ಬಂದು ಹೇಳ್ತೀವಿ.”

ನಮ್ಮಿಂದ. ಬೈದಿದ್ದರೂ ಇಷ್ಟು ಸುಡುತ್ತಿರಲಿಲ್ಲ.

“ನನ್ನ ತಪ್ಪು ಅನ್ಬೇಕಿತ್ತು ನೀನು.”

“ಅದನ್ನ ನೀನ ಹೇಳು. ಸರ್ ಮುಂದ ನಿಂತು.”

ಅವಳು ಬ್ಯಾಗು ಹೆಗಲಿಗೇರಿಸಿ ಮೆಟ್ರೋ ಕಡೆ ನಡೆದಳು. ಹಿಂದೆ ಹೋಗಲು ತನಗೇನು ಹಕ್ಕು ಎಂದು ಅವನು ಬೆಂಚಿಗೇ ಅಂಟಿಕೊಂಡ. ಗೇಟಿನ ಬಳಿ ಅವಳು ತಿರುಗಿದಳು.

“ಕುಂತ ಇರ್ತೀಯೇನು? ಏಳು.”

ಅವನು ಓಡಿಬಂದು ಅಳುಕುತ್ತ ಕೈ ಚಾಚಿದ.

“ಕೈ ಬ್ಯಾಡ. ಸಿಟ್ಟು ಇಳಿದಿಲ್ಲ.” ಅವಳ ಕಣ್ಣಂಚು ಒದ್ದೆಯಾಗಿತ್ತು. “ಬಾಜೂಕ ನಡಿ.”

ಅವನು ಅವಳ ಪಕ್ಕದಲ್ಲಿ ನಡೆದ.